ಪೀಠಿಕೆಗೂ ಉಪಸಂಹಾರಕ್ಕೂ ನಡುವೆ

"ಮೊದಲಿಂದು ಓದೀರಿ, ಕೊನೀದು ಓದೀರಿ. ನಡುವಿಂದು ಯಾಕ ಓದಿಲ್ರಿ ಸರ? ನಡುವ ಬರದಾಕಿ ಮನುಷ್ಯಾಳಲ್ಲೇನು?"

ಜಟ್ಟೆಮ್ಮ ಹಾಗೆನ್ನುತ್ತ ಮಗಳ ಉತ್ತರಪತ್ರಿಕೆಯನ್ನು ನನ್ನ ಮೇಜಿನ ಮೇಲೆ ಕುಕ್ಕಿದಳು. ಟೀ ಲೋಟ ಅಲುಗಾಡಿ ಹಾಜರಿ ಪುಸ್ತಕದ ಮೇಲೆ ಚೆಲ್ಲಿತು. ಬೆಳಗಿನ ಹನ್ನೊಂದು ಗಂಟೆ. ಸ್ಟಾಫ್ ರೂಮಿನಲ್ಲಿ ನಾನೊಬ್ಬನೇ ಇದ್ದೆ.

"ಮೊದ್ಲು ದನಿ ಇಳಿಸಿ ಮಾತಾಡಮ್ಮ. ಇದು ಶಾಲೆ, ಕೆ.ಆರ್. ಪುರದ ಸಂತೆ ಅಲ್ಲ," ಅಂದೆ.

"ಸಂತ್ಯಾಗ ತೂಕ ಮಾಡಿ ಕೊಡ್ತಾರ್ರಿ. ಇಲ್ಲಿ ಅದೂ ಇಲ್ಲ."

ನನಗೆ ರೇಗಿತು. ಅರವತ್ತೆರಡು ಮಕ್ಕಳ ಪೂರ್ವಸಿದ್ಧತಾ ಪರೀಕ್ಷೆಯ ಪತ್ರಿಕೆಗಳನ್ನು ನಾಲ್ಕು ದಿನದಲ್ಲಿ ತಿದ್ದಿ ಮುಗಿಸಿದ್ದೆ. ಪೋಷಕರ ಸಹಿ ಹಾಕಿಸಿಕೊಂಡು ಬನ್ನಿ ಎಂದು ಮಕ್ಕಳ ಕೈಗೆ ಕೊಟ್ಟು ಎರಡು ದಿನವಾಗಿತ್ತು. ಸಹಿ ಹಾಕಿ ಕಳಿಸಿದರೆ ಸಾಕಿತ್ತು. ಈ ಹೆಂಗಸು ಓದಿಕೊಂಡು ಬಂದಿದ್ದಳು.

"ನಿಮ್ಮ ಮಗಳಿಗೆ ಪ್ರಬಂಧದಲ್ಲಿ ಎರಡು ಅಂಕ ಬಂದಿದೆ. ಪ್ಯಾಕೇಜ್ ಮಕ್ಕಳಿಗೆ ಎರಡು ಬಂದ್ರೆ ಅದೇ ಹೆಚ್ಚು. ಒಟ್ಟು ಮೂವತ್ತೆಂಟು. ಪಾಸಾಗಿದಾಳೆ. ಇನ್ನೇನ್ ಬೇಕು ನಿಮಗೆ?"

"ಅಂಕ ಕೇಳಾಕ ಬಂದಿಲ್ರಿ ನಾನು."

ಪ್ಯಾಕೇಜ್ ಎಂದರೆ ಏನು ಎಂದು ಮೊದಲು ಹೇಳಬೇಕು. ನಾನು ಕೆಂಪರಾಜ್. ಬಾಣಸವಾಡಿಗೂ ಕೆ.ಆರ್. ಪುರಕ್ಕೂ ನಡುವಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಮೇಷ್ಟ್ರು. ಇದೇ ಸೀಮೆಯವನು, ಹಳ್ಳಿ ಶಾಲೆಯಲ್ಲಿ ಓದಿದವನು. ಆಗ ಆ ಶಾಲೆಯ ಹಿಂದೆ ನಮ್ಮದೇ ರಾಗಿ ಹೊಲವಿತ್ತು, ಈಗ ಅಲ್ಲಿ ಅಪಾರ್ಟ್‌ಮೆಂಟಿನ ಈಜುಕೊಳವಿದೆ. ಪ್ರಬಂಧಕ್ಕೆ ಮೂರು ಭಾಗ ಎಂದು ನನಗೆ ಹೇಳಿಕೊಟ್ಟವರು ಅಲ್ಲಿನ ಮೇಷ್ಟ್ರು. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ. ಬಾಗಿಲಲ್ಲಿ ನಿಂತು ಬಂದ ಕಾರಣ ಹೇಳು, ಒಳಗೆ ಬಂದು ವಿಷಯ ಮಾತಾಡು, ಹೋಗುವಾಗ ಹೇಳಿ ಹೋಗು. ಅಷ್ಟೇ ಪ್ರಬಂಧ ಅನ್ನುತ್ತಿದ್ದರು ಅವರು.

ಆ ಮೂರನ್ನು ಎರಡು ಮಾಡಿದವನು ನಾನು. ನಮ್ಮಲ್ಲಿ ಪ್ರಬಂಧಕ್ಕೆ ಐದು ಅಂಕ. ಪೀಠಿಕೆಗೆ ಒಂದು, ವಿವರಣೆಗೆ ಮೂರು, ಉಪಸಂಹಾರಕ್ಕೆ ಒಂದು. ಹತ್ತನೇ ತರಗತಿಯ ಫಲಿತಾಂಶ ಬಿದ್ದರೆ ನೋಟಿಸು ಬರುವುದು ಮೇಷ್ಟ್ರಿಗೆ. ಹಾಗಾಗಿ ಹಿಂದುಳಿದ ಮಕ್ಕಳನ್ನು ಆರಿಸಿ, ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಕೆಂಪು ಚುಕ್ಕೆ ಇಟ್ಟು, ಪಾಸಾಗಲು ಬೇಕಾದಷ್ಟನ್ನೇ ಕಂಠಪಾಠ ಮಾಡಿಸುತ್ತೇವೆ. ಅದಕ್ಕೆ ಪಾಸಿಂಗ್ ಪ್ಯಾಕೇಜ್ ಎಂದು ಹೆಸರು. ಪ್ರಬಂಧದ ಪ್ಯಾಕೇಜ್ ನನ್ನದೇ ತಯಾರಿ. ಯಾವ ವಿಷಯಕ್ಕಾದರೂ ಒಂದೇ ಪೀಠಿಕೆ: 'ಮಾನವನ ಬದುಕಿನಲ್ಲಿ ಇದಕ್ಕೆ ಮಹತ್ವದ ಸ್ಥಾನವಿದೆ.' ಯಾವ ವಿಷಯಕ್ಕಾದರೂ ಒಂದೇ ಉಪಸಂಹಾರ: 'ನಾವೆಲ್ಲರೂ ಕೈಜೋಡಿಸಿದರೆ ಉತ್ತಮ ಸಮಾಜ ಕಟ್ಟಬಹುದು.' ಒಂದು ವರ್ಷ ಪ್ಲಾಸ್ಟಿಕ್ ಮಾಲಿನ್ಯದ ಮೇಲೆ ಪ್ರಬಂಧ ಕೇಳಿದ್ದರು. ನಮ್ಮ ಹುಡುಗನೊಬ್ಬ ಮಾನವನ ಬದುಕಿನಲ್ಲಿ ಪ್ಲಾಸ್ಟಿಕ್ ಮಾಲಿನ್ಯಕ್ಕೆ ಮಹತ್ವದ ಸ್ಥಾನವಿದೆ ಎಂದು ಬರೆದು ಬಂದ. ಅವನೂ ಪಾಸಾದ.

"ನಡುವೆ ಏನ್ ಬರೀಬೇಕು ಸಾರ್?" ಎಂದು ಮಕ್ಕಳು ಕೇಳುತ್ತಾರೆ. "ವಿಷಯ ವಿವರಣೆ ಅಂತ ತಲೆಬರಹ ಹಾಕಿ, ಅಡಿಗೆರೆ ಎಳೀರಿ. ಅದರ ಕೆಳಗೆ ಏನ್ ಬೇಕಾದ್ರೂ ಬರ್ಕೊಳ್ಳಿ. ಪ್ರಶ್ನೇನೇ ಬರೀರಿ, ನಿಮ್ಮಜ್ಜಿ ಕಥೆ ಬರೀರಿ. ಹಾಳೆ ತುಂಬಿರ್ಬೇಕು ಅಷ್ಟೆ. ಯಾರೂ ಓದಲ್ಲ." ಇದನ್ನು ನಾನು ಪ್ರತಿ ವರ್ಷ ಹೇಳುತ್ತೇನೆ. ಮಕ್ಕಳು ನಗುತ್ತಾರೆ. ನಾನೂ ನಗುತ್ತೇನೆ.

"ಓದ್ರಿ ಅದನ್ನ. ನನ್ನ ಮುಂದ ಓದ್ರಿ," ಅಂದಳು ಜಟ್ಟೆಮ್ಮ.

"ನನಗೆ ಹೊತ್ತಿಲ್ಲಮ್ಮ."

"ನನಗೂ ಇಲ್ರಿ. ಮಾರತ್ತಹಳ್ಳಿ ಕಂಪನ್ಯಾಗ ಹನ್ನೊಂದು ಮಾಳಿಗಿ ಕಸ ಹೊಡೀತೀನಿ. ಸೂಪರ್‌ವೈಸರ್‌ಗ ಸುಳ್ಳು ಹೇಳಿ ಬಂದೀನಿ. ಓದ್ರಿ."

ಓದಿದರೆ ತೊಲಗುತ್ತಾಳೆ ಎಂದುಕೊಂಡು ಪತ್ರಿಕೆ ಎತ್ತಿಕೊಂಡೆ. ವಿಷಯ, ಗ್ರಂಥಾಲಯಗಳ ಮಹತ್ವ. ಪೀಠಿಕೆ ನನ್ನದೇ, ಪಕ್ಕದಲ್ಲಿ ನನ್ನ ಕೆಂಪು ಒಂದು. ಉಪಸಂಹಾರ ನನ್ನದೇ, ಪಕ್ಕದಲ್ಲಿ ಇನ್ನೊಂದು. ನಡುವಿನ ಒಂದೂವರೆ ಪುಟದ ಮೇಲೆ ಮೂಲೆಯಿಂದ ಮೂಲೆಗೆ ನಾನೇ ಎಳೆದ ಕೆಂಪು ಗೆರೆ. ಕೆಳಗೆ ನನ್ನ ಸಹಿ. ಆ ಗೆರೆಯ ಅಡಿಯಲ್ಲಿ ಹೀಗಿತ್ತು:

'ನಡುವೆ ಏನು ಬರೆದರೂ ಯಾರೂ ಓದುವುದಿಲ್ಲ. ಇದು ಮೂರನೇ ಸಲ, ಆದ್ದರಿಂದ ನನಗೆ ಈಗ ಹೆದರಿಕೆ ಇಲ್ಲ. ಆಗಸ್ಟ್ ತಿಂಗಳಲ್ಲಿ ಸರ್ ಹೊಡೆದ ದಿನದಿಂದ ನನ್ನ ಎಡಗಿವಿ ಕೇಳುವುದಿಲ್ಲ. ಮೊದಲು ಒಳಗೆ ಗುಂಯ್ ಎನ್ನುತ್ತಿತ್ತು. ಆಮೇಲೆ ಸೋರಿತು. ಈಗ ಏನೂ ಇಲ್ಲ. ಪ್ಯಾಕೇಜ್ ಬೆಂಚು ಗೋಡೆ ಕಡೆಗಿದೆ. ನನ್ನ ಬಲಗಿವಿಗೆ ಗೋಡೆ, ಎಡಗಿವಿಗೆ ಸರ್. ಅವರು ಹೆಸರು ಕರೆದದ್ದು ಗೊತ್ತಾಗುವುದಿಲ್ಲ. ಎದ್ದು ನಿಲ್ಲದಿದ್ದರೆ ದಡ್ಡಿ ಎನ್ನುತ್ತಾರೆ. ಅವ್ವನಿಗೆ ಹೇಳಿದರೆ ಶಾಲೆಗೆ ಬಂದು ಜಗಳ ಮಾಡುತ್ತಾಳೆ. ಜಗಳವಾದರೆ ಹಾಲ್ ಟಿಕೆಟ್ ಕೊಡುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಪರೀಕ್ಷೆ ಮುಗಿದ ಮೇಲೆ ಹೇಳುತ್ತೇನೆ.'

ಇನ್ನೂ ಇತ್ತು. ನಾನು ಅಲ್ಲಿಗೆ ನಿಲ್ಲಿಸಿದೆ.

ನಿಜ ಹೇಳುತ್ತೇನೆ, ನನ್ನಲ್ಲಿ ಮೊದಲು ಬಂದದ್ದು ಮರುಕವಲ್ಲ. ಸಿಟ್ಟು. ನನ್ನದೇ ಉತ್ತರಪತ್ರಿಕೆಯಲ್ಲಿ, ನನ್ನದೇ ಪೀಠಿಕೆಯ ಕೆಳಗೆ ಕುಳಿತು ಈ ಹುಡುಗಿ ನನ್ನ ಮೇಲೆ ದೂರು ಬರೆದಿದ್ದಾಳೆ. ಅದಕ್ಕೆ ನಾನೇ ಅಂಕ ಕೊಟ್ಟು ಸಹಿ ಹಾಕಿದ್ದೇನೆ.

"ಯಾರು ಬರೆಸಿದ್ದು ಇದನ್ನ?"

"ಯಾರೂ ಬರಸಿಲ್ರಿ. ಸಹಿ ಮಾಡಾವ ಅಕಿ ಅಪ್ಪ. ಅವ ಅಕ್ಷರ ನೋಡಾವಲ್ಲ, ಜಾಗ ನೋಡಾವ. ಈ ಸಲ ಅವ ಸೆಂಟ್ರಿಂಗ್ ಕೆಲಸಕ್ಕ ಹೊಸೂರಿಗೆ ಹೋಗ್ಯಾನ. ಅದಕ್ಕ ನನ್ನ ಕೈಗೆ ಸಿಕ್ತು. ಲಿಂಗಸುಗೂರು ಕಡೆ ಹಳ್ಳಿಸಾಲ್ಯಾಗ ಏಳನೇತ್ತ ತನಕ ಓದೀನ್ರಿ ನಾನು. ನಮ್ಮ ಮಾಸ್ತರು ಹೊಡೀತಿದ್ರು ಖರೆ, ಆದ್ರ ಬರದದ್ದು ಓದ್ತಿದ್ರು."

"ಶೀತಕ್ಕೂ ಕಿವಿ ಹೋಗುತ್ತೆ. ಕೊಳಚೆ ನೀರಲ್ಲಿ ತಲೆಸ್ನಾನ ಮಾಡಿದ್ರೂ ಹೋಗುತ್ತೆ. ನಾನು ಹೊಡೆದಿದ್ದಕ್ಕೇ ಹೋಯ್ತು ಅಂತ ಹೇಗೆ ಹೇಳ್ತೀರಿ?"

ಜಟ್ಟೆಮ್ಮ ಬ್ಲೌಸಿನೊಳಗಿಂದ ನಾಲ್ಕು ಮಡಿಕೆಯ ಚೀಟಿ ತೆಗೆದಳು. ಶಿವಾಜಿನಗರದ ಸರ್ಕಾರಿ ಆಸ್ಪತ್ರೆಯದು, ಹಿಂದಿನ ದಿನದ್ದು. ಕಿವಿಯ ತಮಟೆ ಹರಿದು ತಿಂಗಳುಗಳಾಗಿವೆ, ಶಸ್ತ್ರಚಿಕಿತ್ಸೆ ಮಾಡಬೇಕು, ಪೂರ್ತಿ ಕೇಳಿಸುವ ಭರವಸೆ ಇಲ್ಲ ಎಂದು ಡಾಕ್ಟರು ಹೇಳಿದರಂತೆ.

"ಹೆಂಗಾತು ಅಂತ ಕೇಳಿದ್ರು. ಮಗಳು ಬಾಯಿ ಬಿಡಲಿಲ್ಲ. ನಾನು ಈ ಹಾಳಿ ತೋರಿಸಿದೆ. ಡಾಕ್ಟರಮ್ಮ ಓದಿದ್ಲು. ಪೂರಾ ಓದಿದ್ಲು. ಓದಿ, ಇದರ ಮ್ಯಾಲ ಕೆಂಪು ಗೆರಿ ಯಾರು ಎಳದಾರ ಅಂತ ಕೇಳಿದ್ಲು."

ಆಗ ಬಾಗಿಲ ಕಡೆ ನೋಡಿದೆ. ಮಗಳು ಪ್ರಿಯದರ್ಶಿನಿ ಚೌಕಟ್ಟಿಗೆ ಒರಗಿಕೊಂಡು ನಿಂತಿದ್ದಳು. ಬಲಗಡೆ ಮುಖವನ್ನು ನಮ್ಮ ಕಡೆ ತಿರುಗಿಸಿಕೊಂಡಿದ್ದಳು. ತಿಂಗಳುಗಟ್ಟಲೆ ಅವಳು ಹೀಗೆ ಕುತ್ತಿಗೆ ವಾಲಿಸಿ ನಿಲ್ಲುವುದನ್ನು ಕಂಡು, ಉಡಾಫೆ ಎಂದುಕೊಂಡಿದ್ದೆ ನಾನು.

ಆಗಸ್ಟಿನದು ಮರೆತಿರಲಿಲ್ಲ. ಸ್ವಾತಂತ್ರ್ಯ ದಿನದ ಮೇಲೆ ಪ್ರಬಂಧ ಬರೆಯಲು ಹೇಳಿದ್ದೆ. ಅವಳು ಪೀಠಿಕೆಯೇ ಇಲ್ಲದೆ ಶುರು ಮಾಡಿದ್ದಳು. ಟಿನ್ ಫ್ಯಾಕ್ಟರಿ ಸಿಗ್ನಲ್ಲಿನಲ್ಲಿ ಬಾವುಟ ಮಾರುವ ಹೆಂಗಸು ಮಳೆ ಬಂದಾಗ ಮಗುವಿನ ತಲೆಗೆ ಬಾವುಟವನ್ನೇ ಹೊದಿಸಿದಳು ಎಂದು ಮೊದಲ ಸಾಲು. ಪೀಠಿಕೆ ಎಲ್ಲಿ ಎಂದು ಕೇಳಿದೆ. "ಅದು ಯಾಕ ಬೇಕ್ರಿ ಸರ? ಸುಮ್ನ ಹೊತ್ತು ಹೋಗತೈತಿ," ಅಂದಳು. ತರಗತಿ ಗೊಳ್ಳೆಂದು ನಕ್ಕಿತು. ನನ್ನ ಕೈ ಎದ್ದಿತು. ಆಮೇಲೆ ನಾನು ಕರೆದರೆ ಓಗೊಡುವುದನ್ನು ಅವಳು ನಿಲ್ಲಿಸಿದಳು. ಸೊಕ್ಕು ಎಂದುಕೊಂಡೆ. ಸೆಪ್ಟೆಂಬರಿನಲ್ಲಿ ಹೆಸರಿನ ಮುಂದೆ ಕೆಂಪು ಚುಕ್ಕೆ ಇಟ್ಟೆ.

ಮೂರನೇ ಸಲ ಎಂದು ಬರೆದಿದ್ದಳಲ್ಲ. ಎದ್ದು ಬೀರು ತೆಗೆದೆ. ಅಕ್ಟೋಬರಿನ ಅರ್ಧವಾರ್ಷಿಕ ಪರೀಕ್ಷೆಯ ಕಟ್ಟು ಬಿಚ್ಚಿದೆ. 'ಸರ್, ನಡುವೆ ಬರೆದದ್ದು ಯಾರೂ ಓದುವುದಿಲ್ಲ ಎಂದಿರಿ. ನೀವು ಓದಿದರೆ ದಯವಿಟ್ಟು ನನ್ನನ್ನು ಆ ಕಡೆಯ ಬೆಂಚಿಗೆ ಹಾಕಿ. ಕಾರಣ ಎಲ್ಲರ ಮುಂದೆ ಕೇಳಬೇಡಿ.' ಒಂದು, ಒಂದು, ಗೆರೆ, ಸಹಿ. ಡಿಸೆಂಬರಿನ ಕಿರುಪರೀಕ್ಷೆ. 'ಹೋದ ಸಲ ನೀವು ಓದಲಿಲ್ಲ. ಈ ಸಲ ದೊಡ್ಡ ಅಕ್ಷರದಲ್ಲಿ ಬರೆಯುತ್ತೇನೆ.' ನಿಜಕ್ಕೂ ದೊಡ್ಡ ಅಕ್ಷರದಲ್ಲೇ ಬರೆದಿದ್ದಳು, ಒಂದನೇ ತರಗತಿಯ ಮಕ್ಕಳ ಹಾಗೆ. ಒಂದು, ಒಂದು, ಗೆರೆ, ಸಹಿ. ಅಷ್ಟು ದೊಡ್ಡ ಅಕ್ಷರದ ಮೇಲೆ ಗೆರೆ ಎಳೆಯುವಾಗಲೂ ನನ್ನ ಕಣ್ಣು ಎಲ್ಲಿತ್ತು?

"ಏನ್ ಬೇಕು ನಿಮಗೆ? ಹೇಳಿ," ಅಂದೆ. ಕೇಳಿದ ರೀತಿ ಒರಟಾಗಿಯೇ ಇತ್ತು. ಬೇರೆ ರೀತಿ ನನಗೆ ಬರುವುದಿಲ್ಲ.

"ಬರದು ಕೊಡ್ರಿ. ನಾನು ಹೊಡದೆ, ಅದಕ್ಕ ಕಿವಿ ಹೋತು, ಹುಡುಗಿ ದಡ್ಡಿ ಅಲ್ಲ ಅಂತ. ಅಪ್ಪ ಬಂದು ಸಾಲಿ ಬಿಡಸ್ತೀನಿ ಅಂತಾನ, ದಡ್ಡಿಗೆ ಯಾಕ ಪರೀಕ್ಷಿ ಅಂತಾನ. ಓಣಿ ಮಂದಿ ನಾಟಕ ಮಾಡ್ತಾಳ ಅಂತಾರ. ನಾನು ಹೇಳಿದ್ರ ಯಾರೂ ನಂಬಂಗಿಲ್ಲ. ನೀವು ಬರದದ್ದು ನಂಬ್ತಾರ."

ಗಲಾಟೆ ಕೇಳಿ ಮುಖ್ಯೋಪಾಧ್ಯಾಯಿನಿ ಪದ್ಮಶ್ರೀ ಮೇಡಂ ಬಂದರು. ಬಾಗಿಲಿನಲ್ಲೇ ಸಂಗತಿ ಅರ್ಥ ಮಾಡಿಕೊಂಡರು. ಅವರಿಗೆ ಕಚೇರಿಯ ದಾರಿಗಳೆಲ್ಲ ಗೊತ್ತು. ಜಟ್ಟೆಮ್ಮನಿಗೆ ಕುರ್ಚಿ ಹಾಕಿಸಿದರು, ನೀರು ಕೊಡಿಸಿದರು, ಮಗುವಿನ ತಲೆ ಸವರಿದರು.

"ಕೂತ್ಕೊಳ್ಳಿ ಅಮ್ಮ. ಎಲ್ಲಾ ಸರಿ ಮಾಡೋಣ. ಶಾಲೆ ಕಡೆಯಿಂದಲೇ ಬರೆದು ಕೊಡ್ತೀವಿ. ಆ ಪೇಪರ್ ಮಾತ್ರ ನಮಗೆ ಬಿಟ್ಟು ಹೋಗಿ, ರೆಕಾರ್ಡಿಗೆ ಬೇಕಾಗುತ್ತೆ."

ಆಮೇಲೆ ನನ್ನನ್ನು ವರಾಂಡಕ್ಕೆ ಕರೆದು ತಗ್ಗಿದ ದನಿಯಲ್ಲಿ ಹೇಳಿದರು. "ಹೊಡೆದೆ ಅಂತ ಒಂದಕ್ಷರ ಬರೆದ್ರೆ ಸಸ್ಪೆಂಡ್ ಆಗ್ತೀರ ಕೆಂಪರಾಜ್. ನನ್ನೂ ಎಳೀತಾರೆ. ಪರೀಕ್ಷೆಗೆ ಮೂರು ವಾರ ಇದೆ. ನಾನು ಬರೀತೀನಿ, ನೀವು ಸೈನ್ ಮಾಡಿ ಸಾಕು."

ಹತ್ತು ನಿಮಿಷದಲ್ಲಿ ಶಾಲೆಯ ತಲೆಬರಹದ ಹಾಳೆಯಲ್ಲಿ ಬರೆದು ತಂದರು. ಮೇಡಂ ಬರವಣಿಗೆ ಚೆಂದ. 'ನಮ್ಮ ಶಾಲೆ ಈ ಭಾಗದ ಬಡ ಮಕ್ಕಳ ಬದುಕಿನಲ್ಲಿ ಮಹತ್ವದ ಸ್ಥಾನ ಪಡೆದಿದೆ. ಶ್ರೀ ಕೆಂಪರಾಜ್ ಅವರು ಇಪ್ಪತ್ತನಾಲ್ಕು ವರ್ಷಗಳಿಂದ ನಿಷ್ಠೆಯಿಂದ ಸೇವೆ ಸಲ್ಲಿಸುತ್ತಿದ್ದಾರೆ. ಕುಮಾರಿ ಪ್ರಿಯದರ್ಶಿನಿಯ ಆರೋಗ್ಯದ ವಿಚಾರ ತಿಳಿದು ಶಾಲೆ ವಿಷಾದ ವ್ಯಕ್ತಪಡಿಸುತ್ತದೆ. ಮುಂದಿನ ದಿನಗಳಲ್ಲಿ ಎಲ್ಲರೂ ಕೈಜೋಡಿಸಿ ಮಕ್ಕಳ ಹಿತ ಕಾಯೋಣ.'

ಜಟ್ಟೆಮ್ಮ ಅದನ್ನು ಬೆರಳಿಟ್ಟು ಓದಿದಳು. ಎರಡು ಸಲ ಓದಿದಳು.

"ಇದರಾಗ ನಡುವಿಂದು ಎಲ್ಲೈತ್ರಿ ಮೇಡಂ?"

"ಏನದು ನಡುವಿಂದು?"

"ಯಾರು ಹೊಡದ್ರು ಅನ್ನೋದು. ಮ್ಯಾಲ ನಿಮ್ಮ ಸಾಲಿ ಐತಿ, ಕೆಳಗ ಕೈಜೋಡ್ಸೋದು ಐತಿ. ನನ್ನ ಮಗಳ ಕಿವಿ ಎಲ್ಲೈತಿ?"

"ಆರೋಗ್ಯದ ವಿಚಾರ ಅಂತ ಇದೆಯಲ್ಲಮ್ಮ."

"ಜ್ವರ ಬಂದ್ರೂ ಆರೋಗ್ಯದ ವಿಚಾರನ ಅಲ್ಲೇನ್ರಿ."

ಮೇಡಂ ಮುಖ ಬಿಗಿದುಕೊಂಡಿತು. "ನೋಡಮ್ಮ, ನಾವು ಮರ್ಯಾದೆಯಿಂದ ಮಾತಾಡ್ತಿದೀವಿ. ನೀವು ಹೀಗೇ ಹಠ ಮಾಡಿದ್ರೆ ಹಾಲ್ ಟಿಕೆಟ್ ವಿಷಯದಲ್ಲಿ ಹಾಜರಾತಿ ಎಲ್ಲಾ ನೋಡ್ಬೇಕಾಗುತ್ತೆ."

ಆ ಮಾತು ಬಾಗಿಲಲ್ಲಿದ್ದ ಹುಡುಗಿಗೆ ಕೇಳಿಸಿತು. ಅವಳ ಮುಖ ನೋಡಿದೆ. ಅಲ್ಲಿ ಗಾಬರಿ ಇರಲಿಲ್ಲ. ಹೀಗೇ ಆಗುತ್ತದೆ ಎಂದು ಅವಳು ಬರೆದೇ ಇಟ್ಟಿದ್ದಳಲ್ಲ.

ಜಟ್ಟೆಮ್ಮನ ಮೇಲಿದ್ದ ಸಿಟ್ಟು, ಹುಡುಗಿಯ ಮೇಲಿದ್ದ ಸಿಟ್ಟು, ಎಲ್ಲ ಸುತ್ತಿ ಬಂದು ಆ ಚೆಂದದ ಹಾಳೆಯ ಮೇಲೆ ಬಿದ್ದಿತು. ಅದು ನನ್ನ ಪ್ಯಾಕೇಜೇ. ಮೇಡಂ ಇಷ್ಟು ವರ್ಷ ನನ್ನ ಪಕ್ಕದ ಕೋಣೆಯಲ್ಲಿ ಕುಳಿತು ಅದನ್ನು ನನಗಿಂತ ಚೆನ್ನಾಗಿ ಕಲಿತಿದ್ದರು.

"ಹಾಜರಾತಿ ನನ್ನ ಹತ್ರ ಇದೆ ಮೇಡಂ," ಅಂದೆ. "ಹುಡುಗಿ ಒಂದು ದಿನ ತಪ್ಪಿಸಿಲ್ಲ. ಕಿವಿ ಸೋರ್ತಿದ್ದಾಗ್ಲೂ ಬಂದಿದಾಳೆ. ಹಾಲ್ ಟಿಕೆಟ್ ಇವತ್ತೇ ಕೊಡಿ."

"ಕೆಂಪರಾಜ್, ಸ್ವಲ್ಪ ಯೋಚನೆ ಮಾಡಿ."

"ಇಪ್ಪತ್ತನಾಲ್ಕು ವರ್ಷ ಅಂತ ಬರೆದಿದೀರಲ್ಲ, ಅಷ್ಟು ವರ್ಷದಿಂದ ಯೋಚನೆ ಮಾಡದೇನೇ ಹೊಡೀತಿದೀನಿ. ಈಗೇನ್ ಯೋಚನೆ ಮಾಡೋದು?"

"ನಿಮಗೂ ಹೆಣ್ಣುಮಕ್ಕಳಿದಾರೆ. ಕೆಲಸ ಹೋದ್ರೆ?"

"ಅವರನ್ನ ನಾನು ಹೊಡೆದಿಲ್ಲ ಮೇಡಂ. ಹಾಗಾಗಿ ಅವರ ಕಿವಿ ಸರಿಯಾಗಿದೆ."

ಮೇಡಂ ತಮ್ಮ ಹಾಳೆಯನ್ನು ಎತ್ತಿಕೊಂಡು ಕೋಣೆಗೆ ಹೋದರು. ನಾನು ಬಿಳಿ ಹಾಳೆ ತೆಗೆದುಕೊಂಡೆ. ಪೆನ್ನು ಹಿಡಿದು ಕುಳಿತರೆ ಕೈ ತಾನಾಗಿ 'ಮಾನ್ಯರೇ, ಈ ಮೂಲಕ ತಿಳಿಯಪಡಿಸುವುದೇನೆಂದರೆ' ಎಂದು ಶುರು ಮಾಡಿತು. ಅದನ್ನು ಹೊಡೆದು ಹಾಕಿದೆ. ಇನ್ನೊಂದು ಹಾಳೆ ತೆಗೆದೆ. ನೇರವಾಗಿ ಬರೆದೆ: 'ಆಗಸ್ಟ್ ಹದಿಮೂರರಂದು ತಿರುಗಿ ಮಾತಾಡಿದ್ದಕ್ಕೆ ಹತ್ತನೇ ತರಗತಿಯ ಪ್ರಿಯದರ್ಶಿನಿಯ ಕೆನ್ನೆಗೆ ಒಂದೇಟು ಹೊಡೆದೆ. ಅಂದಿನಿಂದ ಅವಳ ಎಡಗಿವಿ ಕೇಳುತ್ತಿಲ್ಲ. ಮೂರು ಸಲ ಬರೆದು ತಿಳಿಸಿದಳು. ನಾನು ಓದದೆ ಅಂಕ ಕೊಟ್ಟೆ. ಅವಳು ದಡ್ಡಿಯಲ್ಲ.' ತಾರೀಖು ಹಾಕಿ, ಸಹಿ ಮಾಡಿ, ಜಟ್ಟೆಮ್ಮನಿಗೆ ಕೊಡಲು ಹೋದೆ.

"ನಾನು ಓದ್ತೀನ್ರಿ," ಎಂದು ಹುಡುಗಿ ಒಳಗೆ ಬಂದಳು. ಆ ಬೆಳಗ್ಗೆ ಅವಳು ಆಡಿದ ಮೊದಲ ಮಾತು ಅದು.

ನಿಂತುಕೊಂಡೇ ಓದಿದಳು. ನನ್ನ ಮೇಜಿನ ಮೇಲಿದ್ದ ಕೆಂಪು ಪೆನ್ನು ತೆಗೆದುಕೊಂಡು ಎರಡು ಕಡೆ ಅಡಿಗೆರೆ ಎಳೆದಳು.

"ಒಂದೇಟಲ್ರಿ ಸರ. ಎರಡು. ಮೊದಲಿಂದು ಕೆನ್ನಿಗೆ ಬಿತ್ತು. ಎರಡನೇದು ಕಿವಿಗೆ."

ನನಗೆ ಒಂದೇ ನೆನಪಿತ್ತು. ಒಂದೇ ಎಂದು ಆಣೆ ಇಟ್ಟು ಹೇಳಲೂ ಸಿದ್ಧನಿದ್ದೆ. ಅವಳ ಮುಖ ನೋಡಿ ಆ ಪದವನ್ನು ಹೊಡೆದು ಹಾಕಿದೆ.

"ಮತ್ತ, ತಿರುಗಿ ಮಾತಾಡಿದ್ದಕ್ಕ ಅಂತ ಬರದೀರಿ. ನಾ ತಿರುಗಿ ಮಾತಾಡಿಲ್ಲ. ಪೀಠಿಕಿ ಯಾಕ ಬೇಕು ಅಂತ ಕೇಳಿದ್ದೆ. ನೀವು ಇನ್ನೂ ಹೇಳಿಲ್ಲ."

"ಕೇಳಿದ ರೀತಿ ಹಾಗಿತ್ತಲ್ಲ," ಅಂದುಬಿಟ್ಟೆ.

"ನಮ್ಮ ಮಾತ ಹಾಂಗ್ರಿ," ಅಂದಳು ಜಟ್ಟೆಮ್ಮ. "ನಿಮ್ಮದೂ ನಮಗ ಬೈದಂಗ ಕೇಳತೈತಿ. ನಾವೇನು ಹೊಡೀತೀವೇನು?"

ಮೂರನೇ ಹಾಳೆ ತೆಗೆದೆ. ಪ್ರಶ್ನೆ ಕೇಳಿದ್ದಕ್ಕೆ ಎಂದು ಬರೆದೆ. ಎರಡೇಟು ಎಂದು ಬರೆದೆ, ಎರಡನೆಯದು ಕಿವಿಗೆ ಎಂದು ಬರೆದೆ. ಹುಡುಗಿ ಮತ್ತೆ ಮೊದಲಿನಿಂದ ಕೊನೆಯವರೆಗೆ ಓದಿದಳು. ಅಷ್ಟು ಹೊತ್ತೂ ನಾನು ಎದ್ದು ನಿಂತೇ ಇದ್ದೆ. ಓದಿ ಮುಗಿಸಿ, ಮಡಿಸಿ, ಅವ್ವನ ಕೈಗೆ ಕೊಟ್ಟಳು. ಜಟ್ಟೆಮ್ಮ ಅದನ್ನು ಆಸ್ಪತ್ರೆಯ ಚೀಟಿಯೊಳಗೆ ಇಟ್ಟುಕೊಂಡಳು. ಮೇಜಿನ ಮೇಲಿದ್ದ ಮೂರು ಉತ್ತರಪತ್ರಿಕೆಗಳನ್ನೂ ಎತ್ತಿಕೊಂಡಳು. ನಾನು ಬೇಡವೆನ್ನಲಿಲ್ಲ.

ಮೇಡಂ ಕೋಣೆಗೆ ನಾನೇ ಹೋಗಿ ಹಾಲ್ ಟಿಕೆಟ್ ತಂದೆ. ಅವರು ನನ್ನ ಮುಖ ನೋಡದೆ ಕೊಟ್ಟರು. ಇಲಾಖೆಗೆ ಆಗಲೇ ಫೋನು ಮಾಡಿ ಕುಳಿತಿದ್ದರು. ಮಾಡಲಿ.

"ನಾಳೆಯಿಂದ ಮೊದಲನೇ ಬೆಂಚಲ್ಲಿ ಕೂತ್ಕೋ ಪ್ರಿಯದರ್ಶಿನಿ. ಕಿಟಕಿ ಕಡೆ. ಪ್ಯಾಕೇಜ್ ಬೇಡ ನಿನಗೆ. ವಿವರಣೆ ಹೇಗೆ ಬರೀಬೇಕು ಅಂತ ನಾನು ಹೇಳ್ಕೊಡ್ತೀನಿ," ಅಂದೆ.

"ಬ್ಯಾಡ್ರಿ ಸರ. ಅದು ನನಗ ಬರತೈತಿ."

ಹಾಲ್ ಟಿಕೆಟ್ಟಿನಲ್ಲಿ ತನ್ನ ಹೆಸರು ಸರಿಯಾಗಿದೆಯೇ ಎಂದು ನೋಡಿಕೊಂಡಳು. ಚೀಲದ ಒಳಜೇಬಿನಲ್ಲಿಟ್ಟು ಜಿಪ್ ಎಳೆದಳು.

"ಹಾಗಾದ್ರೆ ಓದೋಕೆ ಬಾ. ಇನ್ನೂ ಮೂರು ವಾರ ಇದೆ."

"ಗ್ರಂಥಾಲಯದಾಗ ಓದ್ಕೋತೀನ್ರಿ. ಅಲ್ಲಿ ಯಾರೂ ಕರಿಯಂಗಿಲ್ಲ," ಎಂದು ಹೇಳಿ ಹೊರಟಳು. ಜಟ್ಟೆಮ್ಮ ನನಗೆ ನಮಸ್ಕಾರವನ್ನೂ ಹೇಳಲಿಲ್ಲ, ಬೈಗುಳವನ್ನೂ ಹೇಳಲಿಲ್ಲ. ಮಗಳ ಬಲಗಡೆಗೆ ಬಂದು ನಡೆದಳು. ಇಬ್ಬರೂ ಮೈದಾನ ದಾಟಿ, ಗೇಟು ದಾಟಿ, ರೈಲ್ವೆ ಹಳಿಯ ಕಡೆಗೆ ತಿರುಗಿದರು.

ಇಲಾಖೆಯಿಂದ ಇನ್ನೂ ಏನೂ ಬಂದಿರಲಿಲ್ಲ. ಮರುದಿನ ಮೊದಲ ಬೆಂಚಿನ ಕಿಟಕಿ ಬದಿ ಖಾಲಿ ಬಿಡಿಸಿ ಹಾಜರಿ ಕೂಗಿದೆ. ಅವಳು ಬರಲಿಲ್ಲ. ಆ ವಾರ ಬರಲಿಲ್ಲ, ಅದರ ಮುಂದಿನ ವಾರವೂ ಬರಲಿಲ್ಲ. ಪರೀಕ್ಷೆ ಬರೆದಳು ಎಂದು ಕೇಂದ್ರದಿಂದ ಗೊತ್ತಾಯಿತು. ಅಂಕಪಟ್ಟಿ ಒಯ್ಯಲು ಅಪ್ಪ ಬಂದಿದ್ದ. ಅವಳು ಬರಲಿಲ್ಲ.